ಪೊಲ್ಲಿಲೂರು ಕದನಕ್ಕೆ ಮೂರು ನಿಯಮ ಪುಸ್ತಕಗಳು: ಇಬ್ಬರು ಆಡಿ ನೋಡಿದ ಹೋಲಿಕೆ

ಪುಟ್ಟ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ, ಅಳತೆ ಟೇಪು ಮತ್ತು ದಾಳ ಹಿಡಿದು ಚರಿತ್ರೆಯ ಯುದ್ಧಗಳನ್ನು ಮತ್ತೆ ಆಡುವ ಹವ್ಯಾಸದಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಬಣ್ಣ ಬಳಿದ ಬೊಂಬೆಗಳ ಮೇಲೆ. ಆದರೆ ಆಟವನ್ನು ನಡೆಸುವುದು ನಿಯಮ ಪುಸ್ತಕ. ಬೊಂಬೆ ಅವೇ, ಮೇಜು ಅದೇ ಆಗಿದ್ದರೂ ಪುಸ್ತಕ ಬದಲಾದರೆ ಕದನದ ಸ್ವಭಾವವೇ ಬದಲಾಗುತ್ತದೆ. ಅದು ಎಷ್ಟರ ಮಟ್ಟಿಗೆ ಎಂದು ತಿಳಿಯಲು ನಾನೂ ನನ್ನ ಗೆಳೆಯನೂ ಒಂದೇ ಯುದ್ಧವನ್ನು ಮೂರು ಪುಸ್ತಕಗಳ ಪ್ರಕಾರ, ಪಕ್ಷ ಅದಲು ಬದಲು ಮಾಡಿಕೊಂಡು ಆಡಿದೆವು.

ಆರಿಸಿಕೊಂಡದ್ದು 1780ರ ಸೆಪ್ಟೆಂಬರ್ 10ರ ಪೊಲ್ಲಿಲೂರು ಕದನ. ಕಾಂಚೀಪುರದ ಹತ್ತಿರ ಕರ್ನಲ್ ಬೇಲಿಯ ಸುಮಾರು ನಾಲ್ಕು ಸಾವಿರ ಜನರ ಈಸ್ಟ್ ಇಂಡಿಯಾ ಕಂಪನಿ ಪಡೆಯನ್ನು ಟಿಪ್ಪು ತಡೆದ. ಹೈದರಾಲಿಯ ಮುಖ್ಯ ಸೇನೆ ಬಂದು ಸುತ್ತುವರಿಯಿತು. ಮದ್ದುಗುಂಡಿನ ಬಂಡಿಗಳು ಸಿಡಿದವು. ಬೇಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದ, ಅಲ್ಲಿಯೇ ತೀರಿಕೊಂಡ. ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಈ ಕದನದ ಚಿತ್ರವಿದೆ: ಚೌಕಾಕಾರವಾಗಿ ನಿಂತ ಸಿಪಾಯಿಗಳು, ಪಲ್ಲಕ್ಕಿಯಲ್ಲಿ ಕುಳಿತ ಬೇಲಿ, ಸಿಡಿಯುತ್ತಿರುವ ಬಂಡಿ. ಬೊಂಬೆಗಳನ್ನು ಜೋಡಿಸುವಾಗ ನಮಗೆ ಆ ಚಿತ್ರವೇ ಮಾರ್ಗದರ್ಶಿಯಾಗಿತ್ತು. ಆದರೆ ನನ್ನನ್ನು ಬಹುಕಾಲದಿಂದ ಕಾಡಿದ್ದು ಬೇರೆಯೇ ಪ್ರಶ್ನೆ. ಬಕ್ಸಾರ್ ಕದನ ಗೆದ್ದಿದ್ದ ಕಂಪನಿಯ ಸೇನಾಪತಿ ಹೆಕ್ಟರ್ ಮನ್ರೋ ದೊಡ್ಡ ಸೇನೆಯೊಡನೆ ಕೆಲವೇ ಮೈಲಿ ದೂರದಲ್ಲಿದ್ದ. ಅವನು ಸಮಯಕ್ಕೆ ಬರಲಿಲ್ಲ. ಹತ್ತಿರದಲ್ಲೇ ಇರುವ ಸೇನೆ ಕದಲದೆ ಉಳಿಯುವುದು ಹೇಗೆ ಎಂಬುದನ್ನು ಆಡುವವನ ಅನುಭವಕ್ಕೆ ತರಬಲ್ಲ ಪುಸ್ತಕ ಯಾವುದು? ನಾನು ಹೋಲಿಸಿದ್ದು ಮುಖ್ಯವಾಗಿ ಈ ಅಳತೆಯಿಂದ.

ಬೊಂಬೆಗಳು 15 ಮಿಲಿಮೀಟರಿನವು. ಮೈಸೂರಿನ ಪದಾತಿಗಳಿಗೆ ಹುಲಿಪಟ್ಟೆಯ ಅಂಗಿ ಬರೆಯಲು ಗೆಳೆಯನಿಗೆ ಬಹಳ ಆಸೆಯಿತ್ತು. ಆದರೆ ಆ ಪಟ್ಟೆ ಟಿಪ್ಪುವಿನ ಆಳ್ವಿಕೆಯ ಗುರುತು; 1780ರಲ್ಲಿ ಅಧಿಕಾರ ಹೈದರನ ಕೈಯಲ್ಲಿತ್ತು. ಹೀಗಾಗಿ ಸಾದಾ ಬಣ್ಣವನ್ನೇ ಬಳಿದೆವು.

ಮೊದಲು ಆಡಿದ್ದು ನೀಲ್ ಥಾಮಸ್ ಬರೆದ, 2014ರಲ್ಲಿ ಬಂದ ‘ಒನ್ ಅವರ್ ವಾರ್‌ಗೇಮ್ಸ್’. ಮೂರಡಿ ಚೌಕದ ಜಾಗ ಸಾಕು, ಊಟದ ಮೇಜಿನ ಮೇಲೆಯೇ ನಡೆಯುತ್ತದೆ. ಪ್ರತಿ ಪಕ್ಷಕ್ಕೆ ಆರು ದಳ, ಹದಿನೈದು ಸುತ್ತಿನ ಆಟ. ಒಂದು ದಳ 15 ಪೆಟ್ಟು ತಿಂದರೆ ಮೇಜಿನಿಂದ ಹೊರಗೆ. ಯುದ್ಧದಾಟವನ್ನೇ ಕಾಣದವರೂ ಕುಳಿತ ಕೂಡಲೇ ಆಡಬಹುದು, ಮತ್ತು ಇದು ಸಣ್ಣ ಗುಣವಲ್ಲ. ಆದರೆ ಇಲ್ಲಿ 14 ಪೆಟ್ಟು ತಿಂದ ದಳವೂ ಪೂರ್ಣ ಬಲದಿಂದಲೇ ಹೋರಾಡುತ್ತದೆ. ಹೆದರಿಕೆಯಿಲ್ಲ, ಗೊಂದಲವಿಲ್ಲ, ಆಜ್ಞೆ ತಲುಪದಿರುವ ಮಾತೇ ಇಲ್ಲ. ಮನ್ರೋನ ದಳಗಳನ್ನು ಮೇಜಿನ ಅಂಚಿನಲ್ಲಿ ಇಟ್ಟರೆ ಅವು ನೆಟ್ಟಗೆ ನಡೆದು ಬೇಲಿಯನ್ನು ಸೇರಿಕೊಳ್ಳುತ್ತವೆ. ತಡೆಯಬೇಕೆಂದರೆ ‘ಎಂಟನೇ ಸುತ್ತಿನ ತನಕ ಬರುವಂತಿಲ್ಲ’ ಎಂದು ನಾವೇ ಕಟ್ಟು ಹಾಕಬೇಕು. ಹಾಕಿದೆವು. ಮನ್ರೋ ಎಂಟನೇ ಸುತ್ತಿಗೆ ಬಂದ. ಯಾವಾಗ ಬರುತ್ತಾನೆಂದು ಇಬ್ಬರಿಗೂ ಗೊತ್ತಿದ್ದ ಮೇಲೆ ಬೇಲಿಯ ಆತಂಕಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

‘ಬ್ಲ್ಯಾಕ್ ಪೌಡರ್’ ಇನ್ನೊಂದು ಜಗತ್ತು. ರಿಕ್ ಪ್ರೀಸ್ಟ್‌ಲಿ ಮತ್ತು ಜರ್ವಿಸ್ ಜಾನ್ಸನ್ ಬರೆದ ಈ ಪುಸ್ತಕ 2009ರಲ್ಲಿ ಬಂತು. 1700ರಿಂದ 1900ರವರೆಗಿನ ಬಂದೂಕಿನ ಕಾಲದ ಯುದ್ಧಗಳಿಗಾಗಿ ಮಾಡಿದ್ದು. ಬರೆದವರ ಮನಸ್ಸಿನಲ್ಲಿದ್ದದ್ದು ದೊಡ್ಡ ಹಾಲ್, ದೊಡ್ಡ ಮೇಜು. ನಾವು ಇಂಚುಗಳನ್ನೆಲ್ಲ ಸೆಂಟಿಮೀಟರ್ ಎಂದು ಓದಿಕೊಂಡು ಆರಡಿಗೆ ನಾಲ್ಕಡಿಯ ಹಲಗೆಯ ಮೇಲೆ ಆಡಿದೆವು. ಸಣ್ಣ ಬೊಂಬೆಗಳಿಗೆ ಅದು ಚೆನ್ನಾಗಿ ಹೊಂದಿಕೊಂಡಿತು.

ಇದರ ಜೀವ ಇರುವುದು ಆಜ್ಞೆಯ ನಿಯಮದಲ್ಲಿ. ದಾಳ ಎಸೆಯುವ ಮುನ್ನ ಆಜ್ಞೆಯನ್ನು ಬಾಯಿಬಿಟ್ಟು ಹೇಳಬೇಕು: ‘ಎಡಗಡೆಯ ದಳ ಆ ತೋಪಿನವರೆಗೆ ನಡೆದು ಸಾಲುಗಟ್ಟಲಿ.’ ಆಮೇಲೆ ಎರಡು ದಾಳ. ಮೊತ್ತ ಆ ನಾಯಕನ ಸಾಮರ್ಥ್ಯಕ್ಕೆ ಕೊಟ್ಟ ಅಂಕವನ್ನು ಮೀರಿದರೆ ದಳ ಕದಲುವುದಿಲ್ಲ. ಅಷ್ಟೇ ಅಲ್ಲ, ಆ ಸುತ್ತಿನಲ್ಲಿ ಅವನು ಇನ್ನೊಂದು ಆಜ್ಞೆ ಕೊಡುವಂತೆಯೂ ಇಲ್ಲ. ಅಂಕಕ್ಕಿಂತ ಮೊತ್ತ ಬಹಳ ಕಡಿಮೆ ಬಂದರೆ ಒಂದೇ ಸುತ್ತಿನಲ್ಲಿ ಮೂರು ನಡೆ ಸಿಗುತ್ತದೆ. ಸಾಧಾರಣ ನಾಯಕನ ಅಂಕ 8. ನಾವು ಹೈದರನಿಗೆ 9, ಟಿಪ್ಪುವಿಗೆ 9, ಬೇಲಿಗೆ 8, ಮನ್ರೋನಿಗೆ 6 ಕೊಟ್ಟೆವು.

ಆ ಒಂದು ಅಂಕೆಯಿಂದ ಇಡೀ ಕದನ ಅರ್ಥವಾಯಿತು. ನಾನು ಕಂಪನಿಯ ಕಡೆ ಕುಳಿತಿದ್ದಾಗ ಮನ್ರೋ ಮೇಜಿನ ಮೂಲೆಯಲ್ಲಿ ಕಣ್ಣಿಗೆ ಕಾಣುತ್ತಿದ್ದ. ಸುತ್ತು ಸುತ್ತಿಗೂ ಅವನಿಗೆ ಆಜ್ಞೆ ಹೇಳಿದೆ, ದಾಳ ಎಸೆದೆ, ಅವನು ನಿಂತೇ ಇದ್ದ. ಒಮ್ಮೆ ಹೊರಟು ನಾಲ್ಕು ಬೆರಳಿನಷ್ಟು ಮುಂದೆ ಬಂದು ಮತ್ತೆ ನಿಂತ. ಅಷ್ಟರಲ್ಲಿ ಹೈದರನ ಅಶ್ವದಳ ಒಂದೇ ಸುತ್ತಿನಲ್ಲಿ ಮೂರು ನಡೆ ಬಳಸಿ ಬೇಲಿಯ ಬೆನ್ನಿಗೆ ಬಂದಿತ್ತು. ಇಲ್ಲಿ ಯಾವ ಕಟ್ಟನ್ನೂ ನಾವು ಹಾಕಿರಲಿಲ್ಲ. ಮುಂದಿನ ಎಸೆತಕ್ಕೆ ಬಂದಾನು ಎಂಬ ಆಸೆ ಕೊನೆಯವರೆಗೂ ಉಳಿದಿತ್ತು, ಆ ಆಸೆಗಾಗಿಯೇ ಬೇಲಿಯನ್ನು ಇದ್ದಲ್ಲಿಯೇ ನಿಲ್ಲಿಸಿಕೊಂಡೆ. ಪುಸ್ತಕಗಳಲ್ಲಿ ಓದಿ ಒಪ್ಪಿಕೊಂಡಿದ್ದ ಸಂಗತಿಯ ಸಂಕಟ ನನಗೆ ತಟ್ಟಿದ್ದು ಅಂದೇ.

ಮೈಸೂರಿನ ರಾಕೆಟ್‌ಗಳಿಗೂ ಈ ಪುಸ್ತಕದಲ್ಲಿ ದಾರಿ ಸಿಕ್ಕಿತು. ಗುಂಡಿನ ಪೆಟ್ಟಿಗಾಗಿ ಎಸೆದ ದಾಳದಲ್ಲಿ 6 ಬಿದ್ದರೆ ಪೆಟ್ಟು ತಿಂದ ದಳ ಅಸ್ತವ್ಯಸ್ತವಾಗುತ್ತದೆ ಎಂಬುದು ಮೂಲ ನಿಯಮ. ರಾಕೆಟ್‌ಗೆ ನಾವು ಅದನ್ನು 5 ಮತ್ತು 6 ಎಂದು ಸಡಿಲಿಸಿ, ಕೊಲ್ಲುವ ಶಕ್ತಿಯನ್ನು ತಗ್ಗಿಸಿದೆವು. ಕಬ್ಬಿಣದ ಕೊಳವೆಯ ಆ ಬಾಣಗಳು ಗುರಿ ಹಿಡಿದು ಕೊಲ್ಲುವುದಕ್ಕಿಂತ ಸಾಲನ್ನು ಕದಡುವುದರಲ್ಲಿ, ಕುದುರೆಗಳನ್ನು ಬೆದರಿಸುವುದರಲ್ಲಿ ಪ್ರಬಲವಾಗಿದ್ದವು.

‘ಬ್ಲ್ಯಾಕ್ ಪೌಡರ್’ನ ದೊಡ್ಡ ಕೊರತೆ ಇಬ್ಬರೇ ಆಡುವಾಗ ಕಾಣುತ್ತದೆ. ಒಬ್ಬನ ಸುತ್ತು ಪೂರ್ತಿ ಮುಗಿಯುವವರೆಗೆ ಇನ್ನೊಬ್ಬ ಕಾಯಬೇಕು. ಗೆಳೆಯ ಅಶ್ವದಳವನ್ನೆಲ್ಲ ಕದಲಿಸುವಷ್ಟರಲ್ಲಿ ನಾನು ಕಾಫಿ ಮಾಡಿಕೊಂಡು ಬರಬಹುದಿತ್ತು. ಬಣ್ಣ ಬಳಿಯಬೇಕಾದ ಬೊಂಬೆಗಳೂ ಬಹಳ.

ಈ ಕೊರತೆಯೇ ಇಲ್ಲದ ಪುಸ್ತಕ ‘ಶಾರ್ಪ್ ಪ್ರಾಕ್ಟೀಸ್’. ‘ಟೂ ಫ್ಯಾಟ್ ಲಾರ್ಡೀಸ್’ ಬಳಗದ್ದು; ನಾವು ಆಡಿದ್ದು 2016ರ ಎರಡನೇ ಆವೃತ್ತಿ. ಪ್ರತಿಯೊಬ್ಬ ನಾಯಕನಿಗೂ ಒಂದು ಬಿಲ್ಲೆ. ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಒಂದೊಂದಾಗಿ ತೆಗೆಯಬೇಕು. ಯಾರ ಬಿಲ್ಲೆ ಬಂದರೆ ಅವರ ಸರದಿ. ‘ಟಿಫಿನ್’ ಬಿಲ್ಲೆ ಬಂದರೆ ಸುತ್ತು ಮುಗಿಯಿತು. ಹೀಗಾಗಿ ಇಬ್ಬರೂ ಕ್ಷಣವೂ ಕಣ್ಣು ತೆಗೆಯುವಂತಿಲ್ಲ. ಪೆಟ್ಟು ಬಿದ್ದಂತೆಲ್ಲ ಗುಂಪಿನ ಮೇಲೆ ಆಘಾತದ ಅಂಕ ಸೇರುತ್ತದೆ, ನಡಿಗೆ ಕುಂಠಿತವಾಗುತ್ತದೆ. ನಾಯಕ ಓಡಿಹೋಗಿ ಹುರಿದುಂಬಿಸಬೇಕು. ತುಂಬಿಟ್ಟ ಬಂದೂಕಿನ ಮೊದಲ ಗುಂಡಿನ ಸುರಿಮಳೆಗೆ ಹೆಚ್ಚಿನ ಬಲವಿರುವುದರಿಂದ ಅದನ್ನು ಯಾವಾಗ ಬಳಸಬೇಕೆಂಬುದೇ ದೊಡ್ಡ ತೀರ್ಮಾನ.

ಆದರೆ ಇದು ಎಂಟೆಂಟು ಜನರ ಗುಂಪುಗಳ ಆಟ. ಇಡೀ ಪೊಲ್ಲಿಲೂರು ಇದರಲ್ಲಿ ಹಿಡಿಸುವುದಿಲ್ಲ. ನಾವು ಮದ್ದುಗುಂಡಿನ ಬಂಡಿಗಳನ್ನು ಕಾಯುವ ಒಂದು ಸಿಪಾಯಿ ತುಕಡಿ, ಅದರ ಮೇಲೆ ಏರಿಬರುವ ಮೈಸೂರಿನ ಪದಾತಿ, ಇಷ್ಟನ್ನೇ ಕತ್ತರಿಸಿಕೊಂಡೆವು. ಸುಬೇದಾರನ ಬಿಲ್ಲೆ ಬರುವ ಮೊದಲೇ ‘ಟಿಫಿನ್’ ಬಂದು ಅವನ ಸಾಲು ಮುರಿದದ್ದು, ಬಂಡಿಯ ಪಕ್ಕದಲ್ಲಿಯೇ ರಾಕೆಟ್ ಬಿದ್ದದ್ದು, ಇವೆಲ್ಲ ನೆನಪಿನಲ್ಲಿ ಉಳಿಯುವ ಕ್ಷಣಗಳು. ಮನ್ರೋ ಮಾತ್ರ ಇಲ್ಲಿ ಮೇಜಿನ ಹೊರಗಿನ ಒಂದು ಹೆಸರು.

ಗೆಳೆಯನ ಮತ ‘ಶಾರ್ಪ್ ಪ್ರಾಕ್ಟೀಸ್’ಗೆ. ಸಂಜೆ ಕೆಲಸ ಮುಗಿಸಿ ಬಂದು ಇಬ್ಬರು ಆಡಲು, ಐವತ್ತರಷ್ಟು ಬೊಂಬೆಗಳಲ್ಲಿ ಮುಗಿಸಲು ಇದಕ್ಕಿಂತ ಒಳ್ಳೆಯದಿಲ್ಲ ಎನ್ನುತ್ತಾನೆ. ಆ ಮಾತನ್ನು ನಾನೂ ಒಪ್ಪುತ್ತೇನೆ. ಆದರೂ ಪೊಲ್ಲಿಲೂರಿಗೆ ನನ್ನ ಆಯ್ಕೆ ‘ಬ್ಲ್ಯಾಕ್ ಪೌಡರ್’. ಆ ಕದನದ ಗುಟ್ಟು ಸೇನಾಪತಿಗಳ ನಡುವಿನ ದೂರದಲ್ಲಿದೆ, ಮತ್ತು ಮೂರರಲ್ಲಿ ಆ ದೂರವನ್ನು ಅಳೆಯಬಲ್ಲದ್ದು ಅದೊಂದೇ. ಹೊಸದಾಗಿ ಶುರುಮಾಡುವವರು ನೀಲ್ ಥಾಮಸ್‌ರ ಪುಸ್ತಕದಿಂದ ಆರಂಭಿಸಿ, ಆರು ದಳಗಳಿಗೆ ಬಣ್ಣ ಮುಗಿಸಿದ ಮೇಲೆ ಉಳಿದೆರಡರಲ್ಲಿ ಒಂದನ್ನು ಕೊಳ್ಳಲಿ. ನಾವೀಗ 1781ರ ಎರಡನೇ ಪೊಲ್ಲಿಲೂರಿಗೆ ಸಿದ್ಧವಾಗುತ್ತಿದ್ದೇವೆ. ಈ ಬಾರಿ ಕಂಪನಿಯ ನಾಯಕ ಐರ್ ಕೂಟ್. ಅವನಿಗೆ 8 ಕೊಡಬೇಕೋ 9 ಕೊಡಬೇಕೋ ಎಂಬ ವಾದ ಇನ್ನೂ ನಡೆದಿದೆ.