ಇನ್ಫ್ಯೂಷನ್ ಸ್ಟಾರ್ಟರ್ ಕಿಟ್: ಪಂಪು ಗಟ್ಟಿ, ಪೈಪು ಮೆತ್ತಗೆ

ಮೋಲ್ಡಿನಲ್ಲಿ ಹಾಸಿದ ಒಣ ಫೈಬರ್ ಮ್ಯಾಟನ್ನು ಫಿಲ್ಮಿನ ಬ್ಯಾಗಿನಿಂದ ಮುಚ್ಚಿ, ಪಂಪಿನಿಂದ ಗಾಳಿ ಎಳೆದು, ಆ ವ್ಯಾಕ್ಯೂಮಿನಿಂದಲೇ ರೆಸಿನ್ (ಆಮೇಲೆ ಗಟ್ಟಿಯಾಗುವ ಅಂಟುದ್ರವ) ಒಳಗೆ ಹರಿಸುವುದೇ ಇನ್ಫ್ಯೂಷನ್. ಫೈಬರ್ ದೋಣಿಯ ಹ್ಯಾಚ್ ಮುಚ್ಚಳ, ಐಸ್ ಪೆಟ್ಟಿಗೆಯ ಬಾಗಿಲು ಇಂಥ ಕೆಲಸಕ್ಕೆ ಈ ಕಿಟ್ ಸಾಕು. ಎರಡು ಹಂತದ ಆಯಿಲ್ ಪಂಪ್, ಗೇಜ್ ಕೂರಿಸಿದ ಕ್ಯಾಚ್ ಪಾಟ್ (ಹೆಚ್ಚಾದ ರೆಸಿನ್ ಪಂಪಿಗೆ ಹೋಗದಂತೆ ಹಿಡಿಯುವ ಪಾತ್ರೆ), ಪೈಪು, ಸ್ಪೈರಲ್ ಟ್ಯೂಬ್ (ಉದ್ದಕ್ಕೂ ರೆಸಿನ್ ಹೊರಬಿಡುವ ಸುರುಳಿ ಕೊಳವೆ), ಪೀಲ್ ಪ್ಲೈ (ಕೊನೆಗೆ ಸುಲಿದು ತೆಗೆಯುವ ಬಟ್ಟೆ), ಮೆಶ್ (ರೆಸಿನ್ ಬೇಗ ಹರಡಿಸುವ ಜಾಲರಿ), ಬ್ಯಾಗಿಂಗ್ ಫಿಲ್ಮ್, ಒಂದು ಸುರುಳಿ ಸೀಲಂಟ್ ಟೇಪ್ ಬರುತ್ತವೆ. ರೆಸಿನ್ ಬೇರೆ ಕೊಳ್ಳಬೇಕು. ದೋಣಿ ರಿಪೇರಿಯ ಮಾಮೂಲಿ ರೆಸಿನ್ ದಪ್ಪವಾಯಿತು, ತೆಳುವಾದ, ಅಂದರೆ ಸ್ನಿಗ್ಧತೆ 200–300 ಸಿಪಿಎಸ್‌ನದನ್ನೇ ಕೇಳಿ.

ಪಂಪಿನ ಬಗ್ಗೆ ತಕರಾರಿಲ್ಲ. ಕಡಲ ಮಟ್ಟದ ಕಾರವಾರದಲ್ಲಿ ಗೇಜಿನ ಮುಳ್ಳು 740 ಮಿ.ಮೀ. (ಪಾದರಸದ ಅಳತೆ) ತಲುಪುತ್ತದೆ. ಅದೇ ಪಂಪ್ ಶಿರಸಿಯಲ್ಲಿ 690ರ ಆಸುಪಾಸು ನಿಂತರೆ ಗಾಬರಿ ಬೇಡ, ಘಟ್ಟದ ಮೇಲೆ ಗಾಳಿಯ ಒತ್ತಡವೇ ಅಷ್ಟು ಕಡಿಮೆ. ಮಳೆಗಾಲದಲ್ಲಿ ಮಾತ್ರ ಎಣ್ಣೆ ತೇವ ಹೀರಿ ಮಜ್ಜಿಗೆಯಂತಾಗುತ್ತದೆ. ಗ್ಯಾಸ್ ಬ್ಯಾಲಸ್ಟ್ (ತೇವ ಹೊರದೂಡಲು ಪಂಪಿನೊಳಗೆ ಒಂದಿಷ್ಟು ಗಾಳಿ ಬಿಡುವ ಕಿಂಡಿ) ತೆರೆದು ಓಡಿಸಿ. ತಿಳಿಯಾಗದಿದ್ದರೆ ಎಣ್ಣೆ ಬದಲಿಸಿ.

ಕೈಕೊಡುವುದು ಪೈಪು. ಗೋಡೆ ತೆಳುವಾದ ಪಿವಿಸಿ. ರೆಸಿನ್ ಬಿಸಿಯೇರಿದರೆ ಬಗ್ಗಿದ ಕಡೆ ಚಪ್ಪಟೆಯಾಗಿ ಹರಿವೇ ನಿಲ್ಲುತ್ತದೆ. ಒಳಗೆ 10, ಹೊರಗೆ 14 ಮಿ.ಮೀ. ಇರುವ ಗಟ್ಟಿ ಪಾಲಿಥೀನ್ ಪೈಪು ಹಾಕಿ.

ಜೊತೆಗೆ ಬಂದ ಹಾಳೆಯ ಚಿತ್ರವನ್ನೂ ನಂಬಬೇಡಿ. ಅದರಲ್ಲಿ ರೆಸಿನ್ ಒಂದು ಅಂಚಿನಿಂದ ಎದುರಿನ ಅಂಚಿಗೆ ಹರಿಯುತ್ತದೆ. ದೂರ ಎರಡು ಪಟ್ಟಾದರೆ ಹೊತ್ತು ನಾಲ್ಕು ಪಟ್ಟು. ನಮ್ಮ ಸೆಕೆಗೆ ರೆಸಿನ್ ಅಷ್ಟು ಕಾಯುವುದಿಲ್ಲ, ನಡುದಾರಿಯಲ್ಲೇ ಜೆಲ್ ಆಗಿ ಗಟ್ಟಿಕಟ್ಟುತ್ತದೆ. ಸ್ಪೈರಲ್ ನಡುವೆ ಇಟ್ಟು ವ್ಯಾಕ್ಯೂಮ್ ಲೈನ್ ಸುತ್ತಲೂ ಎಳೆದರೆ ದಾರಿ ಅರ್ಧ, ಹೊತ್ತು ಕಾಲು. ಮೆಶ್ ಮಾತ್ರ ವ್ಯಾಕ್ಯೂಮ್ ಲೈನಿಗಿಂತ 3–5 ಸೆಂ.ಮೀ. ಹಿಂದೆಯೇ ನಿಲ್ಲಲಿ. ಅಲ್ಲಿಯವರೆಗೂ ಹಾಸಿದರೆ ಮೇಲಿನ ರೆಸಿನ್ ಸೀದಾ ಕ್ಯಾಚ್ ಪಾಟಿಗೆ ಓಡುತ್ತದೆ, ತಳದ ಮ್ಯಾಟ್ ಒಣಗೇ ಉಳಿಯುತ್ತದೆ.

ಸೀಲಂಟ್ ಟೇಪ್ ಚೆನ್ನಾಗಿ ಅಂಟುತ್ತದೆ, ಆದರೆ ಒಂದು ಸುರುಳಿ ಯಾವ ಮೂಲೆಗೆ? ಫಿಲ್ಮಿನ ನೆರಿಗೆಗಳಿಗೇ ಅದರ ಬಹುಭಾಗ ಮುಗಿಯುತ್ತದೆ. ಇನ್ನೆರಡು ಜೊತೆಗಿಡಿ. ವ್ಯಾಕ್ಸ್ ಹಚ್ಚುವ ಮುಂಚೆ ಮೋಲ್ಡಿನ ಅಂಚಿಗೆ ಮಾಸ್ಕಿಂಗ್ ಟೇಪ್ ಸುತ್ತಿಡಿ, ವ್ಯಾಕ್ಸ್ ಆದಮೇಲೆ ಅದನ್ನು ಕಿತ್ತು ಅಲ್ಲೇ ಸೀಲಂಟ್ ಅಂಟಿಸಿ; ವ್ಯಾಕ್ಸ್ ಮೇಲೆ ಸೀಲಂಟ್ ಹಿಡಿಯದು.

ದೊಡ್ಡ ಕೊರತೆ ವಾಲ್ವಿನದು. ಕಿಟ್‌ನಲ್ಲಿರುವ ಒಂದೇ ವಾಲ್ವ್ ಬ್ಯಾಗಿಗೂ ಪಾಟಿಗೂ ನಡುವೆ ಇದೆ. ಅದನ್ನು ಮುಚ್ಚಿ ಸೋರಿಕೆ ನೋಡಿದರೆ ಗೇಜ್ ಪಾಟನ್ನಷ್ಟೇ ಅಳೆಯುತ್ತದೆ, ಬ್ಯಾಗ್ ಸೋರುತ್ತಿದ್ದರೂ ಮುಳ್ಳು ಅಲುಗದು. ಪಂಪಿಗೂ ಪಾಟಿಗೂ ನಡುವೆ ಇನ್ನೊಂದು ಬಾಲ್ ವಾಲ್ವ್ ಕೂರಿಸಿ, ರೆಸಿನ್ ಕಲೆಸುವ ಮುಂಚೆ ಅದನ್ನು ಮುಚ್ಚಿ ಅರ್ಧ ಗಂಟೆ ಕಾದು ಮುಳ್ಳು ಇಳಿಯುತ್ತದೆಯೇ ನೋಡಿ. ನಡುವೆ ಕರೆಂಟ್ ಹೋದರೆ ಬ್ಯಾಗಿನ ವ್ಯಾಕ್ಯೂಮ್ ಉಳಿಸುವುದೂ ಅದೇ.