ಐಸ್‌ಲ್ಯಾಂಡ್ ನೀಲಿ, ಬೆನ್ನ ಮೇಲೆ ಅಮ್ಮನ ಹೆಸರು: ಶಿವಮೊಗ್ಗದಲ್ಲಿ ಮಾಡಿಸಿದ ಹದಿನಾರು ಜೆರ್ಸಿ

ಮೊದಲೇ ಹೇಳಿಬಿಡುತ್ತೇನೆ, ಅಂಗಡಿ ಒಳ್ಳೆಯದು, ಹೋಗಬಹುದು. ಆದರೆ ಕನ್ನಡದಲ್ಲಿ ಹೆಸರು ಹಾಕಿಸುವುದಾದರೆ ಡಿಸೈನ್ ಮಾಡುವವರ ಪಕ್ಕದಲ್ಲೇ ಕೂತು ಮಾಡಿಸಿ. ನಾನು ಹಾಗೆ ಮಾಡಲಿಲ್ಲ. ಅದಕ್ಕೇ ಆಗಸ್ಟ್ ಮಳೆಯಲ್ಲಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಮೂರು ಸಲ ಓಡಾಡಬೇಕಾಯಿತು.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ನಮ್ಮಲ್ಲಿ ಹದಿನಾರು ಹುಡುಗಿಯರು ಫುಟ್‌ಬಾಲ್ ಆಡುತ್ತಾರೆ. ಇಷ್ಟು ವರ್ಷ ಹುಡುಗರು ಬಿಟ್ಟ ಹಳೆ ಕಬಡ್ಡಿ ಬನಿಯನ್ ಹಾಕಿಕೊಂಡೇ ಆಡಿದರು. ಭುಜ ಜಾರುತ್ತಿತ್ತು, ಓಡುವಾಗ ಒಂದು ಕೈ ಬನಿಯನ್ ಹಿಡಿದುಕೊಳ್ಳುವುದಕ್ಕೇ ಬೇಕಾಗುತ್ತಿತ್ತು. ಈ ಸಲ ಹಳೆ ವಿದ್ಯಾರ್ಥಿಗಳು ಸೇರಿ ಏಳು ಸಾವಿರ ರೂಪಾಯಿ ಕೊಟ್ಟರು. ಯಾವ ಬಣ್ಣ ಮಾಡಿಸೋಣ ಅಂತ ಮಕ್ಕಳನ್ನೇ ಕೇಳಿದೆ. "ಐಸ್‌ಲ್ಯಾಂಡ್ ನೀಲಿ ಮಿಸ್" ಅಂದರು, ಎಲ್ಲರೂ ಒಟ್ಟಿಗೆ.

ಅದಕ್ಕೆ ಕಾರಣ ನಾನೇ. 2025ರ ಜುಲೈನಲ್ಲಿ ಸ್ವಿಟ್ಜರ್‌ಲ್ಯಾಂಡಿನಲ್ಲಿ ಮಹಿಳೆಯರ ಯೂರೋ, ಅಂದರೆ ಯುರೋಪಿನ ದೇಶಗಳ ಫುಟ್‌ಬಾಲ್ ಟೂರ್ನಿ, ನಡೆಯಿತಲ್ಲ, ಆಗ ನಮ್ಮ ಮೈದಾನ ಗದ್ದೆಯ ಹಾಗೆ ನೀರು ತುಂಬಿಕೊಂಡಿತ್ತು. ಪಿ.ಟಿ. ಪೀರಿಯಡ್ಡಿನಲ್ಲಿ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ಐಸ್‌ಲ್ಯಾಂಡ್ ತಂಡದ ಕಥೆ ಹೇಳುತ್ತಿದ್ದೆ. ಶುರು ಮಾಡಿದ್ದು ಒಂದು ಲೆಕ್ಕದಿಂದ. ಆ ಇಡೀ ದೇಶದ ಜನಸಂಖ್ಯೆ ನಾಲ್ಕು ಲಕ್ಷಕ್ಕೂ ಸ್ವಲ್ಪ ಕಡಿಮೆ. ನಮ್ಮ ಶಿವಮೊಗ್ಗ ನಗರದಲ್ಲೇ 2011ರ ಜನಗಣತಿಯಲ್ಲಿ 3 ಲಕ್ಷ 22 ಸಾವಿರ ಜನ ಇದ್ದರು, ಜಿಲ್ಲೆ ಪೂರ್ತಿ ತಗೊಂಡರೆ 17 ಲಕ್ಷ ದಾಟುತ್ತದೆ. ಅಷ್ಟು ಚಿಕ್ಕ ದೇಶದ ಹೆಣ್ಣುಮಕ್ಕಳು 2009, 2013, 2017, 2022, 2025 ಹೀಗೆ ಐದು ಯೂರೋಗಳನ್ನು ಸಾಲಾಗಿ ಆಡಿದ್ದಾರೆ, ನಡುವೆ ಒಂದನ್ನೂ ತಪ್ಪಿಸಿಕೊಂಡಿಲ್ಲ. 2013ರಲ್ಲಿ ಕ್ವಾರ್ಟರ್ ಫೈನಲ್ ತನಕ ಹೋದರು. 2022ರಲ್ಲಿ ಬೆಲ್ಜಿಯಂ, ಇಟಲಿ, ಫ್ರಾನ್ಸ್ ಮೂರೂ ತಂಡಗಳ ಜೊತೆ 1-1 ಮಾಡಿ, ಒಂದೂ ಪಂದ್ಯ ಸೋಲದೆ ಹೊರಗೆ ಬಿದ್ದರು. "ಸೋಲದೇ ಹೊರಗೆ ಬೀಳೋದು ಹೇಗೆ ಮಿಸ್?" ಅಂತ ನಮ್ಮ ಗೋಲ್‌ಕೀಪರ್ ಬಿಡದೆ ಕೇಳಿದಳು. ಗೋಡೆ ಮೇಲೆ ಸುಣ್ಣದ ಕಡ್ಡಿಯಲ್ಲಿ ಅಂಕಪಟ್ಟಿ ಬರೆದು ತೋರಿಸಿದೆ. ಬೆಲ್ಜಿಯಂಗೆ ನಾಲ್ಕು ಅಂಕ, ಇವರಿಗೆ ಮೂರು. ಅವಳಿಗೆ ಇವತ್ತಿಗೂ ಅದು ಒಪ್ಪಿಗೆ ಇಲ್ಲ.

2024ರ ಜುಲೈ 12ರಂದು ಇದೇ ತಂಡ ರೇಕ್ಯಾವಿಕ್‌ನಲ್ಲಿ ಜರ್ಮನಿಯನ್ನು 3-0ರಿಂದ ಸೋಲಿಸಿತು. ಎಂಟು ಸಲ ಯೂರೋ ಗೆದ್ದ ಜರ್ಮನಿಯನ್ನು! ಸ್ವಿಟ್ಜರ್‌ಲ್ಯಾಂಡಿಗೆ ಟಿಕೆಟ್ ಸಿಕ್ಕಿದ್ದು ಆ ಗೆಲುವಿನಿಂದ. ಹಾಗಂತ ಎಲ್ಲ ಗೆದ್ದವರಲ್ಲ, ಅದನ್ನೂ ಮಕ್ಕಳಿಗೆ ಹೇಳಿದ್ದೇನೆ. 2023ರ ತನಕ ನಡೆದ ಒಂದು ವಿಶ್ವಕಪ್‌ಗೂ ಅವರು ಹೋಗಿರಲಿಲ್ಲ. 2025ರ ಯೂರೋದಲ್ಲಿ ಫಿನ್‌ಲ್ಯಾಂಡ್ ವಿರುದ್ಧ 0-1, ಸ್ವಿಟ್ಜರ್‌ಲ್ಯಾಂಡ್ ವಿರುದ್ಧ 0-2. ಎರಡೇ ಪಂದ್ಯಕ್ಕೆ ಹೊರಗೆ ಬಿದ್ದಾಗಿತ್ತು. ಮೂರನೆಯದು ನಾರ್ವೆ ಜೊತೆ, ನಮ್ಮ ಲೆಕ್ಕದಲ್ಲಿ ರಾತ್ರಿ ಹನ್ನೆರಡೂವರೆಗೆ. ಕರೆಂಟ್ ಹೋಗಿತ್ತು, ಫೋನಿನಲ್ಲಿ ಮೂವತ್ತು ಪರ್ಸೆಂಟ್ ಚಾರ್ಜು, ಸಿಗ್ನಲ್ ಸಿಗುವುದು ಕಿಟಕಿ ಪಕ್ಕ ಮಾತ್ರ. ಕಂಬಳಿ ಹೊದ್ದು ಅಲ್ಲೇ ಕೂತು ನೋಡಿದೆ. 1-4 ಆಗಿತ್ತು. ಪಂದ್ಯಕ್ಕೆ ಇನ್ನೇನೂ ಅರ್ಥ ಉಳಿದಿರಲಿಲ್ಲ. ಆದರೂ ಕೊನೆಯ ನಿಮಿಷಗಳಲ್ಲಿ ಎರಡು ಗೋಲು ಹೊಡೆದು 3-4ಕ್ಕೆ ತಂದರು, ಕೊನೆಯದು ಕ್ಯಾಪ್ಟನ್ ಗ್ಲೋದಿಸ್ ಹೊಡೆದ ಪೆನಾಲ್ಟಿ. ಬೆಳಿಗ್ಗೆ ಅಸೆಂಬ್ಲಿಗೂ ಮುಂಚೆ ಮಕ್ಕಳು ಕೇಳಿದ್ದು ಒಂದೇ, ಗೆದ್ದರಾ ಅಂತ ಅಲ್ಲ, ಎಷ್ಟು ಹೊಡೆದರು ಅಂತ.

ಅವರ ಊರಿನ ಹವಾಮಾನದ ಕಥೆಯೂ ನಮ್ಮ ಮಕ್ಕಳಿಗೆ ಹತ್ತಿರ. ಅಲ್ಲಿ ಚಳಿಗಾಲದಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಬೆಳಕು, ಮೇಲೆ ಗಾಳಿ, ಹಿಮ. ಅದಕ್ಕೆ 2000ದಿಂದ ಈಚೆಗೆ ಊರೂರಿಗೆ ಚಾವಣಿ ಇರುವ ಫುಟ್‌ಬಾಲ್ ಮನೆಗಳನ್ನು ಕಟ್ಟಿಕೊಂಡರು. ಚಿಕ್ಕ ಮಕ್ಕಳಿಗೂ ತರಬೇತಿ ಪಡೆದ ಕೋಚ್ ಇರುತ್ತಾರೆ. ನಮಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಆಗುಂಬೆ ಕಡೆಯ ಮಳೆ. ಫುಟ್‌ಬಾಲ್ ಮನೆ ಇಲ್ಲ, ಆದರೆ ಅಡಿಕೆ ಒಣಗಿಸುವ ಶೆಡ್ಡು ಇದೆ, ಮಳೆಗಾಲದಲ್ಲಿ ಅದು ಖಾಲಿ. ಶಾಲೆ ಪಕ್ಕದ ತೋಟದವರು ಧಾರಾಳವಾಗಿ ಬಿಟ್ಟುಕೊಟ್ಟಿದ್ದಾರೆ. ಐದೈದು ಜನ ಆಡಲು ಸಾಕು. ಚೆಂಡು ಹೆಂಚಿಗೆ ತಾಗಬಾರದು, ಅದೊಂದೇ ಷರತ್ತು. ಅದರಿಂದ ಮಕ್ಕಳಿಗೆ ನೆಲದ ಮೇಲಿನ ಪಾಸ್ ಎಷ್ಟು ಚೆನ್ನಾಗಿ ಬಂದಿದೆ ಗೊತ್ತಾ!

ಇನ್ನು ಹೆಸರಿನ ವಿಷಯ, ಜೆರ್ಸಿ ಕಥೆ ನಿಜವಾಗಿ ಶುರುವಾಗುವುದು ಇಲ್ಲಿಂದ. ಐಸ್‌ಲ್ಯಾಂಡಿನಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರು ಇಲ್ಲ. ಗ್ಲೋದಿಸ್ ಪೆರ್ಲಾ ವಿಗ್ಗೋಸ್‌ದೋತ್ತಿರ್ ಅಂದರೆ ವಿಗ್ಗೋ ಅವರ ಮಗಳು ಗ್ಲೋದಿಸ್. ಸ್ವೇಯ್ನ್‌ದಿಸ್ ಜೇನ್ ಯೋನ್ಸ್‌ದೋತ್ತಿರ್ ಅಂದರೆ ಯೋನ್ ಅವರ ಮಗಳು. ದೋತ್ತಿರ್ ಅಂದರೆ ಮಗಳು, ಅಷ್ಟೇ. ತಂಡದ ಪಟ್ಟಿ ಓದಿದರೆ ಸಾಲಿಗೆ ಸಾಲು ಮಗಳು, ಮಗಳು, ಮಗಳು. ಜಾಸ್ತಿ ಜನ ಅಪ್ಪನ ಹೆಸರು ಸೇರಿಸಿಕೊಳ್ಳುತ್ತಾರೆ, ಅಮ್ಮನ ಹೆಸರನ್ನೂ ಸೇರಿಸಿಕೊಳ್ಳಬಹುದು. ಇದನ್ನು ಕೇಳಿದ್ದೇ ನಮ್ಮ ಹುಡುಗಿಯರ ತಲೆಗೆ ಒಂದು ಯೋಚನೆ ಹೊಕ್ಕಿತು. ಹಾಜರಿ ಪುಸ್ತಕದಲ್ಲಿ ಹೇಗೂ ಅಪ್ಪನ ಇನಿಷಿಯಲ್ ಇದೆ, ಬೆನ್ನ ಮೇಲೆ ಅಮ್ಮನ ಹೆಸರು ಇರಲಿ. ಕನ್ನಡದಲ್ಲಿ. ಲಕ್ಷ್ಮಿಮಗಳು, ರತ್ನಮಗಳು, ಫಾತಿಮಾಮಗಳು, ಹೀಗೆ.

ಅಮ್ಮಂದಿರನ್ನು ಕೇಳದೆ ಮಾಡುವುದು ಸರಿಯಲ್ಲ ಅಲ್ವಾ, ಒಂದು ಶನಿವಾರ ಕರೆದೆ. ಹೆಚ್ಚಿನವರು ತೋಟದ ಕೆಲಸಕ್ಕೆ ಹೋಗುವವರು. ನಾಚಿಕೊಂಡರು, "ನಮ್ಮ ಹೆಸರು ಯಾಕೆ ಮೇಡಂ, ಶಾಲೆ ಹೆಸರು ಹಾಕಿ" ಅಂದರು. ಆಗ ಐಸ್‌ಲ್ಯಾಂಡ್ ಆಟಗಾರ್ತಿ ಸಾರಾ ಬ್ಯೋರ್ಕ್ ಗುನ್ನಾರ್ಸ್‌ದೋತ್ತಿರ್ ಕಥೆ ಹೇಳಿದೆ. 2020ರಲ್ಲಿ ಫ್ರಾನ್ಸಿನ ಲಿಯೊನ್ ಕ್ಲಬ್ ತಂಡಕ್ಕೆ, ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಗೋಲು ಹೊಡೆದವರು. ಮರುವರ್ಷ ಬಸುರಿಯಾದಾಗ ಕ್ಲಬ್ ಪೂರ್ತಿ ಸಂಬಳ ಕೊಡಲಿಲ್ಲ. ಅವರು ಸುಮ್ನೆ ಕೂರಲಿಲ್ಲ, ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಮುಂದೆ ದೂರು ಕೊಟ್ಟು ಗೆದ್ದರು, ಕ್ಲಬ್ 82 ಸಾವಿರ ಯೂರೋ (ಇದು ಅಲ್ಲಿನ ದುಡ್ಡು) ಗಿಂತ ಜಾಸ್ತಿ ಬಾಕಿ ಕೊಡಬೇಕಾಯಿತು. 2021ರ ನವೆಂಬರ್‌ನಲ್ಲಿ ಮಗ ಹುಟ್ಟಿದ, ಮುಂದಿನ ಜುಲೈನಲ್ಲಿ ಯೂರೋದಲ್ಲಿ ಕ್ಯಾಪ್ಟನ್ ಆಗಿ ಆಡಿದರು. ಬಾಣಂತನದ ಸಂಬಳದ ಮಾತು ಬಂದ ಕೂಡಲೇ ಕೋಣೆಯಲ್ಲಿ ಮಾತು ಜೋರಾಯಿತು, ಒಬ್ಬೊಬ್ಬರದೂ ಒಂದೊಂದು ಅನುಭವ. ಕೊನೆಗೆ ಹದಿನಾರೂ ಹೆಸರು ಕೊಟ್ಟೇ ಹೋದರು. ಹದಿನಾರನೆಯವರು ಅಮ್ಮ ಅಲ್ಲ, ಅಜ್ಜಿ. ಆ ಹುಡುಗಿಯನ್ನು ಸಾಕಿದವರು ಅವರೇ. ಅವಳದ್ದು "ಕಮಲಮ್ಮನಮೊಮ್ಮಗಳು".

ಈಗ ಅಂಗಡಿ. ದುರ್ಗಿಗುಡಿಯಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ, ಮಹಡಿ ಮೇಲೆ. ಹೆಸರು ಹಾಕುತ್ತಿಲ್ಲ, ಒಂದು ತಪ್ಪಿನ ಕಥೆ ಹೇಳುವುದಿದೆ, ಅದನ್ನು ಅವರು ತಾವೇ ಸರಿ ಮಾಡಿದ್ದಾರೆ. ಮಾಲೀಕರು ತಾಳ್ಮೆಯವರು. ಶುರುವಿನಲ್ಲೇ ಬಟ್ಟೆಯ ತುಂಡುಗಳನ್ನು ಕೈಗೆ ಕೊಟ್ಟು ವ್ಯತ್ಯಾಸ ಹೇಳಿದರು. ಎರಡು ತರಹ ಮುದ್ರಣ ಇದೆ. ಒಂದು, ರಬ್ಬರಿನ ಹಾಗೆ ಮೇಲೆ ಅಂಟಿಸುವುದು. ಅಗ್ಗ, ಆದರೆ ಹತ್ತು ಸಲ ಒಗೆದರೆ ಬಿರುಕು ಬಿಟ್ಟು ಎದ್ದು ಬರುತ್ತದೆ. ಇನ್ನೊಂದು ಸಬ್ಲಿಮೇಷನ್. ಮೊದಲು ಕಾಗದದ ಮೇಲೆ ಮುದ್ರಿಸಿ, ಅದನ್ನು ಬಟ್ಟೆ ಮೇಲಿಟ್ಟು ಸುಮಾರು 200 ಡಿಗ್ರಿ ಬಿಸಿಯಲ್ಲಿ ಒತ್ತುತ್ತಾರೆ. ಬಣ್ಣ ಆವಿಯಾಗಿ ದಾರದ ಒಳಗೇ ಸೇರುತ್ತದೆ, ಕೈಯಾಡಿಸಿದರೆ ಅಕ್ಷರ ಇದೆ ಅಂತಲೇ ಗೊತ್ತಾಗುವುದಿಲ್ಲ. ಇದು ಪಾಲಿಯೆಸ್ಟರ್ ಬಟ್ಟೆಗೆ ಮಾತ್ರ, ಕಾಟನ್‌ಗೆ ಹಿಡಿಯುವುದಿಲ್ಲ. ಮಲೆನಾಡಿನಲ್ಲಿ ಬಟ್ಟೆ ಒಣಗುವುದೇ ಕಷ್ಟ, ನಮಗೆ ಪಾಲಿಯೆಸ್ಟರೇ ಸರಿ ಅಂತ ಅದನ್ನೇ ಆರಿಸಿದೆ. ಒಂದಕ್ಕೆ ₹420. ಇಬ್ಬರಿಗೆ ಪೂರ್ತಿ ತೋಳು ಬೇಕಿತ್ತು, ಅದಕ್ಕೆ ₹40 ಜಾಸ್ತಿ. ಒಟ್ಟು ₹6,800. ಉಳಿದ ಇನ್ನೂರು ರೂಪಾಯಿ ಬಸ್ಸಿಗೆ.

ಐಸ್‌ಲ್ಯಾಂಡ್ ಜೆರ್ಸಿಯ ಫೋಟೋ ತೋರಿಸಿದಾಗ ಕಂಪನಿ ಗುರುತು, ತಂಡದ ಲಾಂಛನ ಎಲ್ಲ ಹಾಗೇ ಹಾಕಿಕೊಡುತ್ತೇವೆ ಅಂದರು. ಬೇಡ ಅಂದೆ. ಬೇರೆಯವರ ಗುರುತು ಕದ್ದು ಹಾಕಿಕೊಳ್ಳುವುದು ಮಕ್ಕಳಿಗೆ ಕಲಿಸುವ ಪಾಠವಲ್ಲ. ಬಣ್ಣ ಮಾತ್ರ ಅವರದು, ಗುರುತು ನಮ್ಮದು. ಅವರ ಲಾಂಛನದಲ್ಲಿ ದೇಶದ ನಾಲ್ಕು ದಿಕ್ಕು ಕಾಯುವ ಹದ್ದು, ಗೂಳಿ, ಡ್ರ್ಯಾಗನ್, ದೈತ್ಯ ಇವೆ. ನಮ್ಮೂರ ಗಡಿ ಕಾಯುವುದು ಚೌಡಿ, ಅವಳನ್ನೇ ಹಾಕೋಣ ಅಂತ ಮಕ್ಕಳ ಆಸೆ. ಬೆವರಿನ ಬಟ್ಟೆ ಮೇಲೆ ದೇವರನ್ನು ಹಾಕಬೇಡಿ ಅಂತ ಕಮಲಮ್ಮನವರು ಹೇಳಿದರು. ಅದು ಸರಿ ಅನ್ನಿಸಿತು. ಚೌಡಿ ಬನದ ದೊಡ್ಡ ಮರವನ್ನು ಒಬ್ಬಳು ಚಿತ್ರ ಬರೆದಳು, ಎದೆಯ ಎಡಗಡೆ ಅದೇ ಇದೆ. ತುಂಬಾ ಚೆನ್ನಾಗಿ ಬಂದಿದೆ.

ತಪ್ಪಾಗಿದ್ದು ಹೆಸರುಗಳಲ್ಲಿ. ಎಂಟು ದಿನ ಬಿಟ್ಟು ತರಲು ಹೋದಾಗ ಕಟ್ಟು ಬಿಚ್ಚಿ ನೋಡದೆ ಬಸ್ಸು ಹತ್ತಿದೆ, ಮಂಡಗದ್ದೆ ದಾಟಿದ ಮೇಲೆ ಆಸೆ ತಡೆಯಲಾಗದೆ ಒಂದನ್ನು ತೆಗೆದೆ. "ಲಕ್‌ಷ್‌ಮಿಮಗಳು". ಇನ್ನೊಂದು "ರತ್‌ನಮಗಳು". ಒತ್ತಕ್ಷರ ಇರುವ ಐದು ಹೆಸರೂ ಹೀಗೇ ಒಡೆದಿದ್ದವು. ಕಮಲಮ್ಮನವರದ್ದು ಎರಡು ಕಡೆ ಒಡೆದಿತ್ತು. ಅಮ್ಮಂದಿರ ಹೆಸರು ಹೀಗೆ ಚೂರಾಗಿದ್ದು ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ಅವರಲ್ಲಿ ಮೂವರು ಆ ಹೆಸರನ್ನು ಇಷ್ಟು ದೊಡ್ಡದಾಗಿ ಬರೆದಿದ್ದನ್ನು ಜೀವನದಲ್ಲಿ ಮೊದಲ ಸಲ ನೋಡಬೇಕಿತ್ತು.

ಮರುದಿನವೇ ವಾಪಸ್ ಹೋದೆ. ಮಾಲೀಕರು ಒಂದು ಮಾತೂ ವಾದ ಮಾಡಲಿಲ್ಲ. ಒಂದು ಕಂಪ್ಯೂಟರಿನಲ್ಲಿ ಹಳೆ ಕಾಲದ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ, ಮುದ್ರಣದ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ, ಒತ್ತು ಕೆಳಗೆ ಇಳಿಯದೆ ಪಕ್ಕಕ್ಕೆ ಕೂತಿದೆ. ಟೈಪ್ ಮಾಡಿದ ಮೇಲೆ ಅಕ್ಷರಗಳನ್ನು ಚಿತ್ರವಾಗಿ ಬದಲಾಯಿಸಿಬಿಟ್ಟರೆ ಈ ತೊಂದರೆ ಇಲ್ಲ, ಅವರ ಮಾತಿನಲ್ಲಿ ಅದಕ್ಕೆ "ಕರ್ವ್ ಮಾಡೋದು" ಅನ್ನುತ್ತಾರೆ. ನೀವು ಹೋದಾಗ ಇದನ್ನೇ ಕೇಳಿ. ಕರ್ವ್ ಮಾಡಿದ ಮೇಲಿನ ಚಿತ್ರವನ್ನು ವಾಟ್ಸಾಪ್‌ಗೆ ಕಳಿಸಿ, ನಾನು ಸರಿ ಅನ್ನುವ ತನಕ ಒತ್ತಬೇಡಿ ಅಂತ ಹೇಳಿ. ಐದನ್ನೂ ಹೊಸದಾಗಿ ಮಾಡಿದರು, ಒಂದು ರೂಪಾಯಿ ತಗೊಳ್ಳಲಿಲ್ಲ. ಕಮಲಮ್ಮನವರ ಹೆಸರು ಉದ್ದ, ಬೆನ್ನಿನ ಅಗಲಕ್ಕೆ ಕೂರಿಸಿದರೆ ಅಕ್ಷರ ಸಣ್ಣದಾಗುತ್ತಿತ್ತು. ಡಿಸೈನ್ ಮಾಡುವ ಹುಡುಗ ಅದನ್ನು ಕಮಾನಿನ ಹಾಗೆ ಬಗ್ಗಿಸಿ, ನಂಬರಿನ ಮೇಲೆ ಭುಜದಿಂದ ಭುಜಕ್ಕೆ ಬರುವಂತೆ ಮಾಡಿದ. ಹದಿನಾರರಲ್ಲಿ ನೋಡಲು ಅದೇ ಎಲ್ಲಕ್ಕಿಂತ ಚಂದ.

ಬಟ್ಟೆ ಬಗ್ಗೆ ಹೇಳಬೇಕೆಂದರೆ, ಐದು ತಿಂಗಳಾಯಿತು, ನೀಲಿ ಹಾಗೇ ಇದೆ. ಕೆಮ್ಮಣ್ಣಿನ ಕಲೆ ಬಾವಿ ನೀರಿನಲ್ಲಿ ನೆನೆಸಿಟ್ಟರೆ ಹೋಗುತ್ತದೆ, ಬಿಳಿ ಕಾಲರಿಗೆ ಹತ್ತಿದ್ದು ಮಾತ್ರ ಹೋಗುವುದಿಲ್ಲ, ಕಾಲರನ್ನೂ ನೀಲಿಯಲ್ಲೇ ಮಾಡಿಸಿ. ಅಡಿಕೆ ಚೊಗರು ತಾಗಿದರೆ ಆಸೆ ಬಿಡಿ. ಮಳೆಗಾಲದಲ್ಲಿ ಬಚ್ಚಲ ಒಲೆ ಮೇಲಿನ ಹಗ್ಗಕ್ಕೆ ಹಾಕಿದರೆ ಒಂದು ರಾತ್ರಿಗೆ ಒಣಗುತ್ತದೆ, ಒಲೆಗೆ ತೀರಾ ಹತ್ತಿರ ಬೇಡ. ಕಂಕುಳ ಹೊಲಿಗೆ ಒಂದೇ ಸಾಲು, ಮೂರು ಜೆರ್ಸಿಯಲ್ಲಿ ಬಿಚ್ಚಿತು. ದೂರ ಥ್ರೋ ಮಾಡುವ ಸ್ವೇಯ್ನ್‌ದಿಸ್ ಥರ ತಾವೂ ಎಸೆಯಬೇಕು ಅಂತ ಅವರ 23ನೇ ನಂಬರಿಗೆ ಜಗಳ ಆಡಿದ ಹುಡುಗಿಯರದ್ದೇ ಮೂರೂ. ಎರಡು ಸಾಲು ಹೊಲಿಗೆ ಬೇಕು ಅಂತ ಮೊದಲೇ ಹೇಳಬೇಕಿತ್ತು. ಅಳತೆಯ ಪಟ್ಟಿ ಹುಡುಗರ ಲೆಕ್ಕದ್ದು, ಹುಡುಗಿಯರಿಗೆ ಭುಜ ಅಗಲ, ಉದ್ದ ಕಡಿಮೆ ಬರುತ್ತದೆ. ಎರಡು ಇಂಚು ಉದ್ದ ಜಾಸ್ತಿ ಕೇಳಿ, ದುಡ್ಡು ಕೇಳದೆ ಮಾಡಿಕೊಡುತ್ತಾರೆ.

ತಾಲ್ಲೂಕು ಮಟ್ಟದಲ್ಲಿ ಎರಡನೇ ಪಂದ್ಯಕ್ಕೆ 1-2ರಿಂದ ಸೋತೆವು. ಬೇಲಿ ಪಕ್ಕ ನಿಂತಿದ್ದ ಅಮ್ಮಂದಿರು ಮಕ್ಕಳ ಹೆಸರು ಕೂಗಲಿಲ್ಲ, "ರತ್ನಾ ನಿನ್ನ ಮಗಳು ನೋಡೇ!", "ಫಾತಿಮಾ, ನಿನ್ನವಳು ಓಡ್ತಿದಾಳೆ!" ಅಂತ ಒಬ್ಬರ ಹೆಸರು ಇನ್ನೊಬ್ಬರು ಕೂಗುತ್ತಿದ್ದರು. ಕಮಲಮ್ಮನವರು ಕೊನೆಯ ತನಕ ಕೂರಲೇ ಇಲ್ಲ.

ಮೊನ್ನೆ ಎಂಟನೇ ತರಗತಿಯಿಂದ ಇಬ್ಬರು ಹೊಸಬರು ಸೇರಿದರು, ಮತ್ತೆ ಹೋಗಿದ್ದೆ. ಆ ಹುಡುಗ ನಮ್ಮ ಡಿಸೈನ್ ಇಟ್ಟುಕೊಂಡಿದ್ದ. "ಅಮ್ಮನ ಹೆಸರು ಹೇಳಿ ಮೇಡಂ" ಅಂದ. ಒಬ್ಬಳ ಅಮ್ಮ ಪುಷ್ಪ, ಇನ್ನೊಬ್ಬಳ ಅಮ್ಮ ಸಾವಿತ್ರಿ. ಟೈಪ್ ಮಾಡಿ, ಕರ್ವ್ ಮಾಡಿ, ನಾನು ಕೇಳುವ ಮೊದಲೇ ಪರದೆಯನ್ನು ನನ್ನ ಕಡೆ ತಿರುಗಿಸಿದ. ಷ ಕೆಳಗೆ ಪ ಒತ್ತು, ತ ಕೆಳಗೆ ರ ಒತ್ತು, ಎರಡೂ ಸರಿಯಾಗಿ ಕೂತಿದ್ದವು. ಭಾನುವಾರ ಅಂಗಡಿ ರಜೆ, ಉಳಿದ ದಿನ ಹತ್ತರ ನಂತರ ಹೋಗಿ.