ನಾಲ್ಕು ಎಲೆಕ್ಟ್ರೋಲೈಟ್, ಒಂದೇ ಫರ್ನೇಸ್: ನಾನು ಮಾಡಿ ನೋಡಿದ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ಸಾಲಿಡ್ ಆಕ್ಸೈಡ್ ಫ್ಯುಯೆಲ್ ಸೆಲ್‌ಗೆ, ಅಂದರೆ ತುಂಬಾ ಬಿಸಿಯಲ್ಲಿ ಓಡುತ್ತಾ ಇಂಧನದಿಂದ ನೇರವಾಗಿ ವಿದ್ಯುತ್ ಕೊಡುವ ಸೆಲ್‌ಗೆ, ಎಲೆಕ್ಟ್ರೋಲೈಟ್ ಆರಿಸುವಾಗ ನನ್ನ ಓಟು ತೆಳು ಜಿರ್ಕೋನಿಯಾಗೆ (ಜಿರ್ಕೋನಿಯಂ ಆಕ್ಸೈಡ್). ಬರೀ ಜಿರ್ಕೋನಿಯಾ ಅಲ್ಲ, ಕ್ಯಾಥೋಡ್ (ಗಾಳಿಯ ಕಡೆಯ ವಿದ್ಯುದ್ವಾರ) ಕಡೆ ಸೀರಿಯಾದ (ಸೀರಿಯಂ ಆಕ್ಸೈಡ್) ಒಂದು ಪದರ ಹೊದ್ದ ಜಿರ್ಕೋನಿಯಾಗೆ. ಈ ತೀರ್ಮಾನಕ್ಕೆ ಬರಲು ನಾಲ್ಕು ಬಗೆಯ ಬಟನ್ ಸೆಲ್ (ಗುಂಡಿಯಂಥ ಪುಟ್ಟ ಪರೀಕ್ಷಾ ಸೆಲ್) ಮಾಡಬೇಕಾಯಿತು.

ಈ ಸೆಲ್‌ನಲ್ಲಿ ಎಲೆಕ್ಟ್ರೋಲೈಟ್, ಅಂದರೆ ಎರಡು ವಿದ್ಯುದ್ವಾರಗಳ ನಡುವಿನ ಪದರದ ಕೆಲಸ ಇಷ್ಟೇ: ಆಕ್ಸಿಜನ್ ಅಯಾನುಗಳನ್ನು ದಾಟಿಸಬೇಕು, ಎಲೆಕ್ಟ್ರಾನ್‌ಗಳನ್ನೂ ಅನಿಲವನ್ನೂ ತಡೆಯಬೇಕು.

ಶುರು ಮಾಡಿದ್ದು ದಪ್ಪ ಜಿರ್ಕೋನಿಯಾದಿಂದ. ಶೇಕಡಾ 8 ಮೋಲ್ ಯಿಟ್ರಿಯಾ (ಯಿಟ್ರಿಯಂ ಆಕ್ಸೈಡ್) ಸೇರಿಸಿದ, 150 ಮೈಕ್ರಾನ್ ದಪ್ಪದ ಬಿಲ್ಲೆ. ಕೈಯಲ್ಲಿ ಹಿಡಿಯಲು ಧೈರ್ಯ ಬರುತ್ತದೆ, ಅನಿಲ ಸೋರುವುದಿಲ್ಲ, ಹೈಡ್ರೋಜನ್ ಬಿಟ್ಟ ಕೂಡಲೇ ವೋಲ್ಟೇಜ್ 1.1ರ ಹತ್ತಿರ ಹೋಗಿ ಗಟ್ಟಿಯಾಗಿ ನಿಲ್ಲುತ್ತದೆ. ತೊಂದರೆ ಕರೆಂಟ್ ಎಳೆದಾಗ. 800 ಡಿಗ್ರಿಯಲ್ಲಿ ಇದರ ವಾಹಕತೆ ಸೆಂಟಿಮೀಟರಿಗೆ ಸುಮಾರು 0.03 ಸೀಮನ್ಸ್. ಲೆಕ್ಕ ಹಾಕಿದರೆ ಒಂದು ಚದರ ಸೆಂಟಿಮೀಟರ್ ಸೆಲ್‌ಗೆ ಅರ್ಧ ಓಮ್ ಪ್ರತಿರೋಧ. ಅರ್ಧ ಆಂಪಿಯರ್ ಎಳೆದರೆ ಕಾಲು ವೋಲ್ಟ್ ಸುಮ್ನೆ ಹೋಯಿತು. ಜಾಸ್ತಿ ಅಲ್ವಾ?

ಅದಕ್ಕೇ ಆಮೇಲೆ ಭಾರ ಹೊರುವ ಕೆಲಸವನ್ನು ಆನೋಡ್‌ಗೆ (ಇಂಧನದ ಕಡೆಯ ವಿದ್ಯುದ್ವಾರ) ಕೊಟ್ಟು, ಎಲೆಕ್ಟ್ರೋಲೈಟನ್ನು 10 ಮೈಕ್ರಾನ್‌ಗೆ ಇಳಿಸಿದೆ. ವಸ್ತು ಅದೇ, ಪ್ರತಿರೋಧ ಮಾತ್ರ ಹದಿನೈದರಲ್ಲಿ ಒಂದು ಪಾಲು. ಆದರೆ ಇಷ್ಟು ತೆಳುವಾದಾಗ ಒಂದು ಧೂಳಿನ ಕಣವೂ ತೂತು ಮಾಡುತ್ತದೆ. ಸುಟ್ಟ ಮೇಲೆ ಪ್ರತಿ ಬಿಲ್ಲೆಯ ಮೇಲೂ ಒಂದು ಹನಿ ಕೆಂಪು ಇಂಕು ಹಾಕಿ ಒರೆಸುತ್ತೇನೆ. ಮೊದಲ ಸಲ ಮಾಡಿದ್ದರಲ್ಲಿ ಎರಡು ಬಿಲ್ಲೆಗಳ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆ ಉಳಿಯಿತು. ಅವನ್ನು ಅಲ್ಲೇ ಬದಿಗಿಟ್ಟೆ. ಚುಕ್ಕೆಯಿಲ್ಲದ ಬಿಲ್ಲೆ 750 ಡಿಗ್ರಿಯಲ್ಲೇ ದಪ್ಪ ಬಿಲ್ಲೆಯನ್ನು ಆರಾಮಾಗಿ ಹಿಂದೆ ಹಾಕಿತು.

ಸೀರಿಯಾ ಮೇಲೆ ನನಗೆ ತುಂಬಾ ಆಸೆಯಿತ್ತು. ಗ್ಯಾಡೋಲಿನಿಯಂ ಸೇರಿಸಿದ ಸೀರಿಯಾ 600 ಡಿಗ್ರಿಯಲ್ಲಿ ಜಿರ್ಕೋನಿಯಾಗಿಂತ ಹಲವು ಪಟ್ಟು ಚೆನ್ನಾಗಿ ಅಯಾನು ಸಾಗಿಸುತ್ತದೆ. ಆದರೆ ಲೋಡ್ ಹಾಕುವ ಮೊದಲೇ ಮೀಟರ್ 0.9 ವೋಲ್ಟ್ ಹತ್ತಿರ ನಿಂತುಬಿಟ್ಟಿತು. ಸೀಲ್ ಸೋರುತ್ತಿದೆ ಅಂದುಕೊಂಡು ಎರಡು ಸಲ ಬಿಚ್ಚಿ ಕಟ್ಟಿದೆ. ಸೀಲ್ ಸರಿಯಾಗೇ ಇತ್ತು. ಹೈಡ್ರೋಜನ್ ಕಡೆ ನಾಲ್ಕು ಧನಾವೇಶದ ಸೀರಿಯಂ ಮೂರಕ್ಕೆ ಇಳಿಯುತ್ತದೆ, ಎಲೆಕ್ಟ್ರಾನ್‌ಗಳಿಗೆ ಒಳದಾರಿ ಸಿಗುತ್ತದೆ. ಹೊರಗಿನ ತಂತಿಗೆ ಏನೂ ಕೊಡದೆ ಒಳಗೇ ಇಂಧನ ಖರ್ಚಾಗುತ್ತದೆ. ಬಿಸಿ ಏರಿಸಿದಷ್ಟೂ ಸೋರಿಕೆ ಹೆಚ್ಚು. 500 ಡಿಗ್ರಿಯ ಆಸುಪಾಸಿನಲ್ಲಿ ಓಡಿಸುವವರಿಗೆ ಇದು ಈಗಲೂ ಒಳ್ಳೆಯ ಆಯ್ಕೆ. ನನ್ನ ಕ್ಯಾಥೋಡ್ ಅಷ್ಟು ತಣ್ಣಗೆ ಕೆಲಸ ಮಾಡುವುದಿಲ್ಲ.

ನಾಲ್ಕನೆಯದು ಲ್ಯಾಂಥನಮ್ ಗ್ಯಾಲೇಟ್ (ಲ್ಯಾಂಥನಮ್ ಮತ್ತು ಗ್ಯಾಲಿಯಂ ಸೇರಿದ ಆಕ್ಸೈಡ್), ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1994ರಲ್ಲಿ ಬೆಳಕಿಗೆ ಬಂದ ಈ ವಸ್ತು ವಾಹಕತೆಯಲ್ಲಿ ಜಿರ್ಕೋನಿಯಾವನ್ನು ಮೀರಿಸುತ್ತದೆ, ಸೀರಿಯಾದ ಹಾಗೆ ಎಲೆಕ್ಟ್ರಾನ್ ಸೋರಿಸುವುದೂ ಇಲ್ಲ. ಆದರೆ ಆನೋಡ್‌ನ ನಿಕ್ಕಲ್ ಜೊತೆ ಇದಕ್ಕೆ ಹೊಂದಿಕೆಯಿಲ್ಲ. ನಡುವೆ ಲ್ಯಾಂಥನಮ್ ಸೇರಿಸಿದ ಸೀರಿಯಾ ಪದರ ಹಾಕದಿದ್ದರೆ ಕರೆಂಟ್ ಹಾಯಿಸದ ಸಂಯುಕ್ತ ಬೆಳೆಯುತ್ತದೆ. ನಾನು ಹಾಕಿರಲಿಲ್ಲ. ಮೊದಲ ದಿನದ ಅಂಕಿ ನೋಡಿ ಖುಷಿಪಟ್ಟಿದ್ದೆ, ಆಮೇಲೆ ದಿನದಿಂದ ದಿನಕ್ಕೆ ಇಳಿಯಿತು.

ಹೀಗೆ ಮತ್ತೆ ತೆಳು ಜಿರ್ಕೋನಿಯಾಗೆ ಬಂದೆ. ಅದಕ್ಕೂ ಜಗಳವಿದೆ, ಕ್ಯಾಥೋಡ್‌ನಲ್ಲಿರುವ ಸ್ಟ್ರಾನ್ಷಿಯಂ ಜೊತೆ. ಎರಡೂ ಸೇರಿದರೆ ಸ್ಟ್ರಾನ್ಷಿಯಂ ಜಿರ್ಕೋನೇಟ್ ಹುಟ್ಟಿ ಅಯಾನುಗಳ ದಾರಿ ಮುಚ್ಚುತ್ತದೆ. ಅದನ್ನು ತಡೆಯಲು ನಡುವೆ ಸೀರಿಯಾ. ಇಂಧನದ ಕಡೆ ಸೋತ ವಸ್ತು ಗಾಳಿಯ ಕಡೆ ಚೆನ್ನಾಗಿ ಬಾಳುತ್ತದೆ, ಜೊತೆಗೆ ಎಲೆಕ್ಟ್ರಾನ್ ಸೋರದಂತೆ ಜಿರ್ಕೋನಿಯಾ ಕಾಯುತ್ತದೆ. ಕಷ್ಟ ಇರುವುದು ಸುಡುವ ಬಿಸಿಯಲ್ಲಿ. 1300 ಡಿಗ್ರಿ ದಾಟಿಸಿದರೆ ಸೀರಿಯಾ ಮತ್ತು ಜಿರ್ಕೋನಿಯಾ ಒಂದರೊಳಗೊಂದು ಬೆರೆತು ವಾಹಕತೆ ಕುಗ್ಗುತ್ತದೆ. ಕಡಿಮೆ ಮಾಡಿದರೆ ಪದರದಲ್ಲಿ ರಂಧ್ರ ಉಳಿದು ಸ್ಟ್ರಾನ್ಷಿಯಂ ನುಸುಳುತ್ತದೆ. ಸದ್ಯಕ್ಕೆ 1250ಕ್ಕೆ ನಿಲ್ಲಿಸುತ್ತಿದ್ದೇನೆ. ರಂಧ್ರಗಳು ಇನ್ನೂ ಕಾಣುತ್ತಿವೆ.